ಹಾರ್ಸ್‌ರ್ಯಾಡಿಶ್: ತಲೆ ಯಾವುದು, ಬಾಲ ಯಾವುದು?

ಹಾರ್ಸ್‌ರ್ಯಾಡಿಶ್ ಎಂದರೆ ಬೇರನ್ನು ತುರಿದು ಚಟ್ನಿಯಂತೆ ತಿನ್ನುವ, ಸಾಸಿವೆಯಂಥ ಘಾಟಿನ ಗಿಡ. ಮೊದಲು ಹೆಸರಿನ ಗೊಂದಲ ಮುಗಿಸೋಣ. ನಮ್ಮ ನುಗ್ಗೆಮರಕ್ಕೆ ಇಂಗ್ಲಿಷಿನಲ್ಲಿ ಹಾರ್ಸ್‌ರ್ಯಾಡಿಶ್ ಟ್ರೀ ಎಂಬ ಹೆಸರೂ ಇದೆ, ಅದರ ಬೇರಿಗೂ ಹೆಚ್ಚುಕಡಿಮೆ ಇದೇ ಘಾಟು. ಹಾಗಂತ ನುಗ್ಗೆ ಬೇರನ್ನು ಇದರ ಬದಲಿಗೆ ತುರಿದು ತಿನ್ನಬೇಡಿ. ಅದರ ತೊಗಟೆಯಲ್ಲಿ ವಿಷದ ಅಂಶವಿದೆ. ಇಲ್ಲಿ ಹೇಳುತ್ತಿರುವುದು ಆರ್ಮೊರೇಸಿಯ ರಸ್ಟಿಕಾನ. ಸಾಸಿವೆ, ಎಲೆಕೋಸು, ಮೂಲಂಗಿಗಳ ಕುಟುಂಬದ ಬಹುವಾರ್ಷಿಕ ಗಿಡ. ಚಳಿಗಾಲದಲ್ಲಿ ಎಲೆ ಒಣಗಿಸಿಕೊಂಡು ಮಲಗುವ ಸ್ವಭಾವದ್ದು, ಹಾಗಾಗಿ ಬೆಂಗಳೂರಿನ ಹಿತ್ತಲಿಗೆ ಒಗ್ಗುವುದಿಲ್ಲ. ಈ ಟಿಪ್ಪಣಿ ಅಮೆರಿಕದ ಇಲಿನಾಯ್, ಮಿಸೂರಿಯಂಥ ಕಡೆ ಹಿತ್ತಲು ಇರುವವರಿಗೆ. ಇಲಿನಾಯ್‌ನ ಕಾಲಿನ್ಸ್‌ವಿಲ್ ಊರಂತೂ ತನ್ನನ್ನು ಈ ಬೆಳೆಯ ವಿಶ್ವ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ.

ಮಣ್ಣು: 30 ಸೆಂ.ಮೀ. ಆಳಕ್ಕೆ ಸಡಿಲ, ಕಲ್ಲಿಲ್ಲದ್ದು, ನೀರು ನಿಲ್ಲದ್ದು. ಪಿಎಚ್ 6ರಿಂದ 7.5. ಹಳೆಯ ಕಾಂಪೋಸ್ಟ್ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ, ಬೇರು ಕವಲು ಕವಲಾಗುತ್ತದೆ. ನಾಟಿ ವಸಂತದ ಆರಂಭದಲ್ಲಿ, ಮಣ್ಣು ಅಗೆಯಲು ಬಂದ ಕೂಡಲೇ.

ತುಂಡು ಕತ್ತರಿಸುವುದು

ಇದಕ್ಕೆ ಬೀಜ ಕಟ್ಟುವುದೇ ಅಪರೂಪ. ಪೆನ್ಸಿಲ್ ದಪ್ಪದ, 20ರಿಂದ 30 ಸೆಂ.ಮೀ. ಉದ್ದದ ಬೇರಿನ ತುಂಡೇ ಬಿತ್ತನೆ. ಅಲ್ಲಿನ ಬೆಳೆಗಾರರು ಅದನ್ನು ‘ಸೆಟ್’ ಎನ್ನುತ್ತಾರೆ.

ಶುಂಠಿ, ಅರಿಶಿನ ನೆಟ್ಟು ರೂಢಿ ಇದ್ದವರು ಎಡವುವುದು ಇಲ್ಲೇ. ಶುಂಠಿ ಗಡ್ಡೆಯಲ್ಲಿ ಕಣ್ಣು ಎದ್ದು ಕಾಣುತ್ತದೆ, ಕಬ್ಬಿನ ತುಂಡಿನಲ್ಲಿ ಗಿಣ್ಣು ಕಾಣುತ್ತದೆ. ಯಾಕೆಂದರೆ ಅವು ನಿಜಕ್ಕೂ ಕಾಂಡ. ಹಾರ್ಸ್‌ರ್ಯಾಡಿಶ್ ತುಂಡು ಅಪ್ಪಟ ಬೇರು. ಕಣ್ಣಿಲ್ಲ, ಗಿಣ್ಣಿಲ್ಲ, ಎರಡೂ ತುದಿ ಒಂದೇ ಥರ. ಆದರೆ ಬೇರಿಗೆ ತನ್ನ ದಿಕ್ಕು ಗೊತ್ತು: ತಾಯಿ ಗಿಡದ ಕಡೆಗಿದ್ದ ತುದಿಯಲ್ಲೇ ಚಿಗುರು ಮೂಡುತ್ತದೆ, ಇನ್ನೊಂದು ತುದಿಯಲ್ಲಿ ಬೇರು. ತಲೆಕೆಳಗಾಗಿ ನೆಟ್ಟರೆ ಸಾಯುವುದಿಲ್ಲ. ಚಿಗುರು ಕೆಳಗಿನಿಂದ ಬಳಸಿಕೊಂಡು ಮೇಲೆ ಬರಬೇಕಾಗಿ ತಡವಾಗುತ್ತದೆ, ಬೇರು ಸೊಟ್ಟಗಾಗುತ್ತದೆ.

ಅದಕ್ಕೇ ಒಂದು ಗುರುತು. ತಾಯಿ ಗಿಡದ ಕಡೆಯ ತುದಿಯನ್ನು ನೇರ ಕತ್ತರಿಸಿ, ಕೆಳತುದಿಯನ್ನು ಓರೆಯಾಗಿ. ನೇರ ಅಂದರೆ ತಲೆ, ಓರೆ ಅಂದರೆ ಬಾಲ. ಬೇರನ್ನು ಗಿಡದಿಂದ ಬಿಡಿಸುವಾಗಲೇ ಹೀಗೆ ಕತ್ತರಿಸಬೇಕು. ರಾಶಿ ಹಾಕಿದ ಮೇಲೆ ಯಾರಿಗೂ ತಿಳಿಯುವುದಿಲ್ಲ.

ನೆಡುವಾಗ ತುಂಡನ್ನು ಸುಮಾರು 45 ಡಿಗ್ರಿ ಓರೆಯಾಗಿ ಮಲಗಿಸಿ, ತಲೆಯ ಮೇಲೆ 5 ಸೆಂ.ಮೀ. ಮಣ್ಣು ಬರಲಿ. ತಲೆಗಳೆಲ್ಲ ಒಂದೇ ದಿಕ್ಕಿಗೆ. ಗಿಡದಿಂದ ಗಿಡಕ್ಕೆ 45ರಿಂದ 60 ಸೆಂ.ಮೀ. ಓರೆ ಯಾಕೆ ಎಂಬುದು ಮುಂದಿನ ಕೆಲಸ ಮಾಡುವಾಗ ಗೊತ್ತಾಗುತ್ತದೆ.

ತಲೆ ಎತ್ತಿ ಸವರುವುದು

ನೆಟ್ಟ ತುಂಡೇ ದಪ್ಪವಾಗಿ ಮುಖ್ಯ ಬೇರಾಗಬೇಕು. ತನ್ನಷ್ಟಕ್ಕೆ ಬಿಟ್ಟರೆ ತುಂಡಿನ ಉದ್ದಕ್ಕೂ ಪಕ್ಕದ ಬೇರುಗಳು ಹೊರಟು, ಆಹಾರವೆಲ್ಲ ಹಂಚಿಹೋಗಿ, ಕೊನೆಗೆ ಸಿಗುವುದು ಬೆರಳು ಗಾತ್ರದ ಸಿಕ್ಕು. ಎಲೆ 20–25 ಸೆಂ.ಮೀ. ಎತ್ತರ ಬಂದಾಗ ತಲೆಯ ಸುತ್ತಲಿನ ಮಣ್ಣನ್ನು ಕೈಯಲ್ಲೇ ಸರಿಸಿ, ತಲೆಯನ್ನು ಮೆಲ್ಲಗೆ ಮೇಲೆತ್ತಿ. ಚೆನ್ನಾಗಿರುವ ಒಂದೋ ಎರಡೋ ಚಿಗುರು ಉಳಿಸಿ, ಮಿಕ್ಕಿದ್ದನ್ನು ಮುರಿದು ತೆಗೆಯಿರಿ. ತುಂಡಿನ ಮೇಲ್ಭಾಗದಲ್ಲೂ ಪಕ್ಕದಲ್ಲೂ ಬಂದ ಸಣ್ಣ ಬೇರುಗಳನ್ನು ಕೈಯಿಂದ ಉಜ್ಜಿ ಸವರಿ, ಮೊದಲಿನಂತೆ ಮಲಗಿಸಿ ಮಣ್ಣು ಮುಚ್ಚಿ.

ಎತ್ತುವುದು ಎಂದರೆ ಕೀಳುವುದಲ್ಲ. ಬಾಲದ ತುದಿ ಅಲುಗಬಾರದು, ಗಿಡ ನೀರು ಕುಡಿಯುವುದೇ ಅಲ್ಲಿಂದ. ಬಾಗಿಲು ತೆರೆಯುವಾಗ ತಿರುಗಣಿ ತನ್ನ ಜಾಗದಲ್ಲೇ ಇರುತ್ತದಲ್ಲ, ಹಾಗೆ. ಓರೆಯಾಗಿ ನೆಟ್ಟಿದ್ದರೆ ಮಾತ್ರ ಇದು ಸಾಧ್ಯ. ನೆಟ್ಟಗೆ ನೆಟ್ಟ ತುಂಡಿನ ತಲೆ ಎತ್ತಿದರೆ ಬಾಲವೂ ಕಿತ್ತು ಬರುತ್ತದೆ. ಆರು ವಾರದ ನಂತರ ಇದನ್ನೇ ಇನ್ನೊಮ್ಮೆ ಮಾಡಿ. ಬೇಜಾರಾದರೆ ಬಿಡಬಹುದು: ಚಟ್ನಿಗಾಗುವಷ್ಟು ಬೇರು ಹೇಗೂ ಸಿಗುತ್ತದೆ, ಸಿಪ್ಪೆ ಹೆರೆಯುವಾಗ ಬೈದುಕೊಳ್ಳುತ್ತೀರಿ ಅಷ್ಟೇ.

ನೀರು ವಾರಕ್ಕೆ 2.5 ಸೆಂ.ಮೀ. ಮಳೆಯಷ್ಟು. ಕಡಿಮೆಯಾದರೆ ಬೇರು ನಾರು, ಹೆಚ್ಚಾದರೆ ಮೆತ್ತಗೆ.

ಕೊಯ್ಲು

ಬೇರು ದಪ್ಪವಾಗುವುದು ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ. ಆದ್ದರಿಂದ ಅವಸರ ಬೇಡ. ಫ್ರಾಸ್ಟ್ (ಹೆಪ್ಪುಗಟ್ಟಿದ ಇಬ್ಬನಿ) ಬಿದ್ದು ಎಲೆ ಸತ್ತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ, ಗಾರ್ಡನ್ ಫೋರ್ಕ್ ಹಾಕಿ ದೂರದಿಂದ ಅಗೆಯಿರಿ. ಎರಡು ಮೂರು ವರ್ಷ ಹಾಗೇ ಬಿಟ್ಟ ಬೇರು ಕಟ್ಟಿಗೆಯಂತಾಗುತ್ತದೆ. ತೊಳೆದು, ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್‌ನಲ್ಲಿಡಿ. ಬೆಳಕು ಬಿದ್ದರೆ ಹಸಿರಾಗುತ್ತದೆ.

ತುರಿಯುವುದು

ತುರಿಯದೆ ಇಡಿಯಾಗಿರುವ ಬೇರಿಗೆ ಘಾಟಿಲ್ಲ. ತುರಿದಾಗ ಜೀವಕೋಶ ಒಡೆದು ಮೈರೋಸಿನೇಸ್ ಕಿಣ್ವವು ಬೇರಿನಲ್ಲೇ ಇರುವ ಸಿನಿಗ್ರಿನ್ ಎಂಬ ವಸ್ತುವಿಗೆ ಸೇರಿ ಅಲೈಲ್ ಐಸೋಥಯೋಸಯನೇಟ್ ಹುಟ್ಟುತ್ತದೆ, ಸಾಸಿವೆ ಅರೆದಾಗ ಮೂಗಿಗೆ ಏರುವ ಅದೇ ವಸ್ತು. ವಿನೆಗರ್ ಈ ಕ್ರಿಯೆಯನ್ನು ನಿಲ್ಲಿಸುತ್ತದೆ. ಖಾರ ಕಡಿಮೆ ಬೇಕೆಂದರೆ ತುರಿದ ತಕ್ಷಣ ಹಾಕಿ, ಜೋರು ಬೇಕೆಂದರೆ ಮೂರು ನಿಮಿಷ ಕಾದು ಹಾಕಿ. ಒಂದು ಕಪ್ ತುರಿಗೆ ಅರ್ಧ ಕಪ್ ಬಿಳಿ ವಿನೆಗರ್, ಕಾಲು ಚಮಚ ಉಪ್ಪು. ಕಿಟಕಿ ತೆರೆದಿರಲಿ, ಮಿಕ್ಸಿ ಮುಚ್ಚಳ ತೆಗೆಯುವಾಗ ಮುಖ ಮೇಲೆ ತರಬೇಡಿ. ಫ್ರಿಜ್‌ನಲ್ಲಿ ನಾಲ್ಕರಿಂದ ಆರು ವಾರ ರುಚಿ ಇರುತ್ತದೆ.

ಮಣ್ಣಿನಲ್ಲಿ ಉಳಿದ ಚೂರು ಚೂರೂ ಮತ್ತೆ ಗಿಡವಾಗುತ್ತದೆ. ಟಿಲ್ಲರ್ ಓಡಿಸಿದರೆ ಹಿತ್ತಲೆಲ್ಲ ಹಬ್ಬಿತೆಂದೇ ಲೆಕ್ಕ. ಒಂದು ಮೂಲೆ ಇದಕ್ಕೇ ಬಿಡಿ, ಅಗೆದ ಮಣ್ಣನ್ನು ಬೇರೆ ಪಾತಿಗೆ ಸಾಗಿಸಬೇಡಿ, ಸವರಿದ ಹಸಿ ಬೇರನ್ನು ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ.