ಕಾರಿನ ಅಡಿಯಲ್ಲಿ ಹಾಯುವ ಗಾಳಿ

2022ರ ಮಾರ್ಚ್ ತಿಂಗಳಲ್ಲಿ ಮರ್ಸಿಡಿಸ್ ತಂಡವು ತನ್ನ ಡಬ್ಲ್ಯು13 ಎಂಬ ಫಾರ್ಮುಲಾ ಒನ್ ಕಾರನ್ನು ಬಹರೇನ್‌ನ ಪರೀಕ್ಷಾ ಓಟಕ್ಕೆ ಹೊಸ ಮೈಕಟ್ಟಿನಲ್ಲಿ ಇಳಿಸಿದಾಗ, ಮಂಗಳೂರಿನ ಬಿಜೈಯ ಗೆಳೆಯರೊಬ್ಬರ ಜಗಲಿಯಲ್ಲಿ ಸೇರುವ ನಮ್ಮ ಐದಾರು ಮಂದಿಯ ಕೂಟದಲ್ಲಿ ಗೋಳಿಬಜೆ ತಣ್ಣಗಾಗುವಷ್ಟು ಹೊತ್ತು ವಾದ ನಡೆಯಿತು. ಚಾಲಕನ ಎರಡೂ ಬದಿಗೆ ರೇಡಿಯೇಟರುಗಳನ್ನು ಹೊದ್ದುಕೊಂಡು ಉಬ್ಬಿ ನಿಲ್ಲುವ ಭಾಗವನ್ನು ಸೈಡ್‌ಪಾಡ್ ಎನ್ನುತ್ತಾರೆ. ಫೆರಾರಿ ಕಾರಿನಲ್ಲಿ ಅದು ಅಗಲವಾಗಿ, ಮೇಲ್ಭಾಗ ತೊಟ್ಟಿಯಂತೆ ತಗ್ಗಾಗಿತ್ತು. ರೆಡ್ ಬುಲ್ ಕಾರಿನಲ್ಲಿ ಹಿಂದಕ್ಕೆ ಇಳಿಜಾರಾಗಿ, ಕೆಳಗೆ ಆಳವಾಗಿ ಕೊರೆದಂತಿತ್ತು. ಮರ್ಸಿಡಿಸ್ ಮಾತ್ರ ಅದನ್ನು ಇಲ್ಲವೆನ್ನುವಷ್ಟು ಕಿರಿದು ಮಾಡಿತ್ತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದುತ್ತ ವಿದ್ಯಾರ್ಥಿಗಳ ರೇಸ್ ಕಾರಿಗೆ ರೆಕ್ಕೆ ಕಟ್ಟುತ್ತಿದ್ದ ಹುಡುಗ ಅದನ್ನು ಅದ್ಭುತವೆಂದ, ನಿವೃತ್ತ ಭೌತಶಾಸ್ತ್ರದ ಮಾಸ್ಟ್ರು ಅಪಾಯವೆಂದರು. ಬಸ್ಸುಗಳಿಗೆ ಬಾಡಿ ಕಟ್ಟುವ ಕಸುಬಿನ ಹಿರಿಯರೊಬ್ಬರು ಕೊನೆಗೆ, "ಮೇಲೆ ಕಾಣುವುದನ್ನೇ ನೋಡಿ ಹೇಳಿದರೆ ಹೇಗೆ ಮಾಸ್ಟ್ರೇ? ಅಡಿ ಹೇಗುಂಟು ಎಂದು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರು. ಆ ದಿನ ಅದನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ರೇಸ್ ಕಾರಿನ ವಾಯುಬಲವನ್ನು ಅರಿಯಲು ಕರಾವಳಿಯವರು ತಮ್ಮ ಮನೆಯ ಮಾಡನ್ನು ನೋಡಿದರೆ ಸಾಕು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಸರಾಗಿರುವ ನಮ್ಮ ಹಂಚು ಒಂದೊಂದು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು, ಅಂದರೆ ಮೂವತ್ತೈದು ನಲವತ್ತು ಕಿಲೋ ಭಾರ. ಮಳೆಗಾಲದ ಬಿರುಗಾಳಿಗೆ ಈ ಹಂಚುಗಳು ಒಳಕ್ಕೆ ಕುಸಿಯುವುದಕ್ಕಿಂತ ರೀಪಿನಿಂದ ಮೇಲೆದ್ದು ಹಾರುವುದೇ ಹೆಚ್ಚು. ಮಾಡನ್ನು ಏರಿ ನೆತ್ತಿ ದಾಟುವ ಗಾಳಿ ಅಲ್ಲಿ ವೇಗ ಪಡೆಯುತ್ತದೆ, ವೇಗ ಹೆಚ್ಚಿದಲ್ಲಿ ಅದರ ಒತ್ತಡ ಇಳಿಯುತ್ತದೆ, ಮನೆಯೊಳಗಿನ ಗಾಳಿಯ ಒತ್ತಡ ಮಾತ್ರ ಇದ್ದಂತೆಯೇ ಇರುತ್ತದೆ. ಹೀಗಾಗಿ ಹಂಚನ್ನು ಮೇಲಿನಿಂದ ಯಾರೋ ಎಳೆದಂತೆ ಕಂಡರೂ ವಾಸ್ತವದಲ್ಲಿ ಒಳಗಿನ ಗಾಳಿಯೇ ಅದನ್ನು ತಳ್ಳಿರುತ್ತದೆ. ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೌಲಿ 1738ರಲ್ಲಿ ಬರೆದಿಟ್ಟನು. ಗಂಟೆಗೆ 100 ಕಿ.ಮೀ. ವೇಗದ ಗಾಳಿಯ ಚಲನೆಯ ಒತ್ತಡವು ಚದರ ಮೀಟರಿಗೆ ಸುಮಾರು 47 ಕಿಲೋ ಭಾರಕ್ಕೆ ಸಮ. ಅಂಥ ಗಾಳಿಗೆ ಹಂಚು ಏಕೆ ನಿಲ್ಲುವುದಿಲ್ಲವೆಂದು ಈ ಎರಡು ಅಂಕಿಗಳೇ ಹೇಳುತ್ತವೆ.

ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಮೂರು ಪಟ್ಟಾಗಿ 300 ಕಿ.ಮೀ. ಮುಟ್ಟಿದರೆ ಒತ್ತಡ ಒಂಬತ್ತು ಪಟ್ಟಾಗಿ ಚದರ ಮೀಟರಿಗೆ 425 ಕಿಲೋ ಆಸುಪಾಸಿಗೆ ಏರುತ್ತದೆ. ಸುರತ್ಕಲ್‌ನ ಹುಡುಗರ ಕಾರಿಗೆ ಅದರ ಗಾತ್ರಕ್ಕೆ ಹೊಂದದಷ್ಟು ದೊಡ್ಡ ರೆಕ್ಕೆ ಏಕೆಂದು ನಾನು ಬಹಳ ದಿನ ನಕ್ಕಿದ್ದೆ, 60 ಕಿ.ಮೀ. ವೇಗದಲ್ಲಿ ಗಾಳಿ ಕೊಡುವುದು 300ರಲ್ಲಿ ಕೊಡುವುದರ ಇಪ್ಪತ್ತೈದನೆಯ ಒಂದು ಪಾಲು ಮಾತ್ರವೆಂದು ತಿಳಿದ ಮೇಲೆ ನಗುವುದನ್ನು ಬಿಟ್ಟೆ.

ರೇಸ್ ಕಾರಿಗೆ ಬೇಕಾದದ್ದು ಮಾಡಿನ ಕಥೆಯ ತಲೆಕೆಳಗು. ತಿರುವಿನಲ್ಲಿ ಟೈರು ನೆಲವನ್ನು ಕಚ್ಚಿ ಹಿಡಿಯುವ ಶಕ್ತಿ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಆದರೆ ಕಾರಿನ ತೂಕವನ್ನೇ ಹೆಚ್ಚಿಸಿದರೆ ಅದನ್ನು ತಿರುಗಿಸಲೂ ನಿಲ್ಲಿಸಲೂ ಅಷ್ಟೇ ಹೆಚ್ಚು ಬಲ ಬೇಕಾಗುತ್ತದೆ. ಆದ್ದರಿಂದ ತೂಕವಿಲ್ಲದ ಭಾರವನ್ನು ಗಾಳಿಯಿಂದ ಪಡೆಯಬೇಕು. 1968ರಲ್ಲಿ ಇದಕ್ಕಾಗಿ ವಿಮಾನದ ರೆಕ್ಕೆಯನ್ನು ಮಗುಚಿ ಎತ್ತರದ ಕಂಬಗಳ ಮೇಲೆ ಕೂರಿಸಿದರು. ಮರುವರ್ಷ ಸ್ಪೇನ್‌ನ ಮೊಂಟ್ಜುಯಿಕ್‌ನಲ್ಲಿ ಲೋಟಸ್ ತಂಡದ ಎರಡೂ ಕಾರುಗಳ ರೆಕ್ಕೆ ಮುರಿದು ಅಪಘಾತವಾದ ಬಳಿಕ ಅಂಥ ಎತ್ತರದ ರೆಕ್ಕೆಗಳಿಗೆ ನಿಷೇಧ ಬಿದ್ದಿತು. ರೆಕ್ಕೆಗೆ ಇನ್ನೊಂದು ಕೊರತೆಯೂ ಇದೆ. ಅದು ಕೆಳಕ್ಕೆ ಒತ್ತುವ ಬಲಕ್ಕೆ ಪ್ರತಿಯಾಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ, ನೇರ ಹಾದಿಯಲ್ಲಿ ಆ ಎಳೆತವೇ ವೇಗವನ್ನು ನುಂಗುತ್ತದೆ.

ಕಡಿಮೆ ಎಳೆತದಲ್ಲಿ ಬಲ ಕೊಡುವ ಜಾಗ ಕಾರಿನ ಅಡಿಯಲ್ಲಿದೆ ಎಂಬುದು ಲೋಟಸ್ ತಂಡದವರಿಗೆ ಹೊಳೆದ ಬಗೆ ನನಗೆ ಬಲು ಇಷ್ಟವಾದದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಕಾರಿನ ಮಾದರಿಗೆ ಗಾಳಿ ಹಾಯಿಸಿ ಬಲ ಅಳೆಯುವ ಗಾಳಿ ಸುರಂಗದಲ್ಲಿ, ತಂಡದ ಎಂಜಿನಿಯರ್ ಪೀಟರ್ ರೈಟ್ ಪರೀಕ್ಷಿಸುತ್ತಿದ್ದ ಮಾದರಿಯೊಂದು ಒಂದೇ ಅಳತೆಗೆ ನಿಲ್ಲದೆ ಕಾಡಿತು. ಅದರ ಬದಿಯ ಭಾಗಗಳು ಗಾಳಿಗೆ ಜೋಲಿ ನೆಲದತ್ತ ಬಾಗುತ್ತಿದ್ದವು. ಅವು ನೆಲಕ್ಕೆ ಹತ್ತಿರವಾದಂತೆ ಬಲ ಏರುತ್ತಿತ್ತು. ರಟ್ಟಿನ ತುಂಡು ಅಂಟಿಸಿ ಬದಿಯ ಸಂದನ್ನು ಮುಚ್ಚಿದಾಗ ಬಲ ಒಮ್ಮೆಲೇ ಜಿಗಿಯಿತು. ಹರಿವಿನ ಹಾದಿ ಕಿರಿದಾಗಿ, ಬಳಿಕ ನಿಧಾನವಾಗಿ ಅಗಲವಾಗುವ ನಳಿಗೆಗೆ ಇಟಲಿಯ ವೆಂಚುರಿಯ ಹೆಸರಿದೆ. ಕಾರಿನ ತಳ ಮತ್ತು ರಸ್ತೆ ಸೇರಿ ಅಂಥದೇ ನಳಿಗೆಯಾಗಿತ್ತು. ತಂಡದ ಸ್ಥಾಪಕ ಕಾಲಿನ್ ಚಾಪ್ಮನ್‌ನ ಲೋಟಸ್ 78 ಮತ್ತು 79 ಕಾರುಗಳು ಹೀಗೆ ಹುಟ್ಟಿದವು, 1978ರಲ್ಲಿ ಅವುಗಳನ್ನು ಓಡಿಸಿದ ಮಾರಿಯೋ ಆಂಡ್ರೆಟಿ ವಿಶ್ವ ಚಾಂಪಿಯನ್ ಆದನು. ತಿರುವಿನ ವೇಗ ಅಪಾಯದ ಮಟ್ಟಕ್ಕೆ ಏರಿದ್ದರಿಂದ 1983ರಲ್ಲಿ ಚಪ್ಪಟೆ ತಳವನ್ನು ಕಡ್ಡಾಯಗೊಳಿಸಲಾಯಿತು.

ಆ ನಳಿಗೆಗಳು ಮರಳಿ ಬಂದದ್ದೇ 2022ರ ನಿಯಮಗಳಲ್ಲಿ. ಅವುಗಳೊಂದಿಗೆ ಎಪ್ಪತ್ತರ ದಶಕದ ಹಳೆಯ ರೋಗವೂ ಬಂದಿತು. ಕಾರು ನೆಲಕ್ಕೆ ಹತ್ತಿರವಾದಷ್ಟೂ ಅಡಿಯ ಗಾಳಿಯ ವೇಗ ಹೆಚ್ಚಿ, ಒತ್ತಡ ಕುಸಿದು, ಕಾರು ಮತ್ತೂ ಕೆಳಗಿಳಿಯುತ್ತದೆ. ಒಂದು ಹಂತದಲ್ಲಿ ಸಂದು ತೀರ ಕಿರಿದಾಗಿ ಹರಿವು ಕಟ್ಟಿಕೊಳ್ಳುತ್ತದೆ, ಬಲ ತಪ್ಪುತ್ತದೆ, ಕಾರು ಮೇಲಕ್ಕೆ ಚಿಮ್ಮುತ್ತದೆ; ಚಿಮ್ಮಿದಾಗ ಹರಿವು ಮರಳಿ, ಅದೇ ಕಥೆ ಮೊದಲಿನಿಂದ ಶುರುವಾಗುತ್ತದೆ. ನೀರಿನಲ್ಲಿ ಏಳುತ್ತ ಮುಳುಗುತ್ತ ಸಾಗುವ, ಡಾಲ್ಫಿನ್ನಿನ ನೆಂಟನಾದ ಪಾರ್ಪಾಯಿಸ್‌ನಿಂದಾಗಿ ಇದಕ್ಕೆ ಪಾರ್ಪಾಯಿಸಿಂಗ್ ಎಂಬ ಹೆಸರು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಡಾಲ್ಫಿನ್ ಕಂಡವರಿಗೆ ಆ ಚಲನೆಯನ್ನು ವಿವರಿಸಬೇಕಿಲ್ಲ. ಗಾಳಿ ಸುರಂಗದಲ್ಲಿ ಇದು ಸುಲಭವಾಗಿ ಸಿಗುವಂಥದ್ದಲ್ಲ. ನಿಯಮದಂತೆ ಅಲ್ಲಿಯ ಮಾದರಿ ನಿಜ ಗಾತ್ರದ ಶೇ. 60ನ್ನೂ, ಗಾಳಿಯ ವೇಗ ಸೆಕೆಂಡಿಗೆ 50 ಮೀಟರನ್ನೂ ಮೀರುವಂತಿಲ್ಲ. ಮೇಲಾಗಿ, ಕಂಬಕ್ಕೆ ಬಿಗಿದ ಮಾದರಿಗೆ ತನ್ನಷ್ಟಕ್ಕೆ ಕುಣಿಯುವ ಸ್ವಾತಂತ್ರ್ಯವಿಲ್ಲ.

ಡಬ್ಲ್ಯು13 ಈ ಕುಣಿತಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದ ಕಾರುಗಳಲ್ಲೊಂದು. ನೆಲಕ್ಕೆ ತಾಗುವಂತೆ ಓಡಲೆಂದು ರೂಪಿಸಿದ ಕಾರನ್ನು ಕುಣಿತ ನಿಲ್ಲಿಸಲು ಎತ್ತರಿಸಬೇಕಾಯಿತು, ಎತ್ತರಿಸಿದಾಗ ಬಲ ಹೋಯಿತು. ಬಾಕುವಿನ ಓಟದ ಬಳಿಕ ತಂಡದ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡೇ ಕಾರಿನಿಂದಿಳಿದನು. ಆ ವರ್ಷ ತಂಡಕ್ಕೆ ದಕ್ಕಿದ್ದು ಬ್ರೆಜಿಲ್‌ನಲ್ಲಿ ಜಾರ್ಜ್ ರಸೆಲ್ ಗೆದ್ದ ಒಂದೇ ಓಟ. ನಾವು ವಾರಗಟ್ಟಲೆ ಕಚ್ಚಾಡಿದ ಸೈಡ್‌ಪಾಡ್‌ಗಳು ಹಾಗಾದರೆ ನಿರಪರಾಧಿಗಳೇ? ಪೂರ್ತಿಯಾಗಿ ಅಲ್ಲ. ಮುಂದಿನ ಚಕ್ರಗಳು ಉರುಳುತ್ತ ಹಿಂದಕ್ಕೆ ಎಸೆಯುವ ಗೊಂದಲದ ಗಾಳಿ ತಳದ ನಳಿಗೆಗಳೊಳಗೆ ನುಗ್ಗಿದರೆ ಅವು ಕೆಲಸ ಮಾಡಲಾರವು. ಅದನ್ನು ಹೊರಕ್ಕೆ ಸರಿಸುವುದೂ, ಶುದ್ಧ ಗಾಳಿಯನ್ನು ಕಾರಿನ ಹಿಂಬದಿಗೆ ಇಳಿಸುವುದೂ ಸೈಡ್‌ಪಾಡಿನ ಹೊಣೆ. ಅದು ತಳದ ಕಾವಲುಗಾರ. ತಳವನ್ನು ಬಿಟ್ಟು ಕಾವಲುಗಾರನ ಮೈಕಟ್ಟನ್ನಷ್ಟೇ ಹೊಗಳುವುದು ಅಥವಾ ತೆಗಳುವುದು ನಮ್ಮ ವಾದದ ದೋಷವಾಗಿತ್ತು.

ಕಂಬಳದ ಕನೆ ಹಲಗೆ ವಿಭಾಗದಲ್ಲಿ ಹಲಗೆಯ ತೂತುಗಳಿಂದ ಚಿಮ್ಮಿದ ಕೆಸರುನೀರು ಆರೂವರೆ ಕೋಲಿನ ನಿಶಾನೆಗೆ ಹಾಯಿತೋ ಇಲ್ಲವೋ ಎಂಬುದನ್ನು ನೆರೆದವರೆಲ್ಲ ಕಣ್ಣಾರೆ ಕಾಣುತ್ತಾರೆ. ಗಾಳಿಗೆ ಅಂಥ ನಿಶಾನೆಯಿಲ್ಲ. ಪರೀಕ್ಷಾ ಓಟಗಳಲ್ಲಿ ಕಾರಿಗೆ ಹಸಿರು ಹೊಳೆಯುವ ಎಣ್ಣೆ ಬಣ್ಣ ಬಳಿದು ಓಡಿಸುವುದು, ಬಣ್ಣ ಹರಿದ ಜಾಡಿನಿಂದ ಗಾಳಿಯ ಜಾಡನ್ನು ಓದುವುದು ಇದಕ್ಕಾಗಿಯೇ.

ಬಸ್ಸಿನ ಹಿರಿಯರ ಪ್ರಶ್ನೆಗೆ ಉತ್ತರ 2023ರ ಮೇ 27ರಂದು ಮೊನಾಕೋದಲ್ಲಿ ಸಿಕ್ಕಿತು. ಅಂದು ಅಭ್ಯಾಸದಲ್ಲಿ ಹ್ಯಾಮಿಲ್ಟನ್ ಕಾರೂ ಅರ್ಹತಾ ಸುತ್ತಿನಲ್ಲಿ ಸೆರ್ಜಿಯೋ ಪೆರೆಜ್‌ನ ರೆಡ್ ಬುಲ್ ಕಾರೂ ತಡೆಗೋಡೆಗೆ ಬಡಿದವು. ಇಕ್ಕಟ್ಟಿನ ಬೀದಿಯಾದ್ದರಿಂದ ಎರಡನ್ನೂ ಕ್ರೇನಿನಿಂದ ಆಕಾಶಕ್ಕೆ ಎತ್ತಬೇಕಾಯಿತು. ಆ ವರ್ಷದ 22 ಓಟಗಳಲ್ಲಿ 21ನ್ನು ಗೆದ್ದ ರೆಡ್ ಬುಲ್ ಕಾರಿನ ತಳ, ಅದರ ಬಾಗು ಬಳುಕುಗಳ ಸಮೇತ, ಕ್ಯಾಮೆರಾಗಳ ಮುಂದೆ ತೂಗಾಡಿತು. ಅದೇ ವಾರ ಮರ್ಸಿಡಿಸ್ ತನ್ನ ಕಿರಿದಾದ ಸೈಡ್‌ಪಾಡ್‌ಗಳನ್ನು ಕೈಬಿಟ್ಟು ಅಗಲವಾದವುಗಳನ್ನು ತೊಡಿಸಿತ್ತು. ಎರಡು ತಳಗಳ ಚಿತ್ರಗಳನ್ನು ಮಗ್ಗುಲಲ್ಲಿಟ್ಟು ನೋಡಿದಾಗ, ರೆಡ್ ಬುಲ್ ತಳದ ಕೆತ್ತನೆ ಎಷ್ಟು ಸಂಕೀರ್ಣವೆಂಬುದು ನಮ್ಮಂಥ ಹವ್ಯಾಸಿಗಳಿಗೂ ತಿಳಿಯಿತು. ಆದರೂ ಚಿತ್ರ ಸಿಕ್ಕಿದ ಮಾತ್ರಕ್ಕೆ ಉಳಿದ ತಂಡಗಳು ಆ ವರ್ಷ ರೆಡ್ ಬುಲ್ಲನ್ನು ಹಿಡಿಯಲಿಲ್ಲ. ಒಬ್ಬರ ತಳ ಅವರದೇ ಮುಂದಿನ ರೆಕ್ಕೆ, ಅವರದೇ ಸಸ್ಪೆನ್ಶನ್‌ಗೆ ಹೊಂದಿಕೊಂಡು ಬೆಳೆದಿರುತ್ತದೆ.

2026ರ ನಿಯಮಗಳು ಆ ನಳಿಗೆಗಳನ್ನು ತೆಗೆದು ತಳವನ್ನು ಬಹುಮಟ್ಟಿಗೆ ಚಪ್ಪಟೆ ಮಾಡಿವೆ, ಕಾರಿನ ಅಗಲವನ್ನು 2,000 ಮಿ.ಮೀ.ನಿಂದ 1,900ಕ್ಕೆ ಇಳಿಸಿವೆ. ನೇರ ಹಾದಿಯಲ್ಲಿ ಎಳೆತ ತಗ್ಗಿಸಲು ಮುಂದಿನ ಮತ್ತು ಹಿಂದಿನ ರೆಕ್ಕೆಗಳೆರಡೂ ಮಲಗಿ, ತಿರುವಿನಲ್ಲಿ ಮತ್ತೆ ಏಳುವ ಏರ್ಪಾಟು ತಂದಿವೆ. ಬಿಜೈಯ ಜಗಲಿಯಲ್ಲಿ ವಾದ ಈಗ ರೆಕ್ಕೆಗಳ ಸುತ್ತ ಸಾಗಿದೆ. ಹಿರಿಯರು ಮಾತ್ರ ಪ್ರತಿ ಹೊಸ ಕಾರಿನ ಚಿತ್ರವನ್ನೂ ಫೋನಿನಲ್ಲಿ ಹಿಗ್ಗಿಸಿ, ಹಿಂದಿನ ಚಕ್ರದ ಮುಂದೆ ತಳದ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಹುಡುಕುತ್ತಾರೆ.