ಸೈನಿಕನ ಹೃದಯ ಮತ್ತು ಬೆನ್ನಚೀಲದ ಪಟ್ಟಿ

1860ರ ದಶಕದಲ್ಲಿ ಇಂಗ್ಲೆಂಡಿನ ನೆಟ್ಲಿ ಸೇನಾ ಆಸ್ಪತ್ರೆಯ ವೈದ್ಯರನ್ನು ಒಂದು ಒಗಟು ಕಾಡುತ್ತಿತ್ತು. ಗಟ್ಟಿಮುಟ್ಟಾದ ತರುಣ ಸೈನಿಕರು ಎದೆ ಹಿಡಿದುಕೊಂಡು ಬರುತ್ತಿದ್ದರು. ಎದೆ ಡವಗುಟ್ಟುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು. ಅಲ್ಲಿನ ಪ್ರೊಫೆಸರ್ ಮ್ಯಾಕ್ಲೀನ್ ಕಂಡುಕೊಂಡ ಅಪರಾಧಿ ಬೆನ್ನಚೀಲದ ಪಟ್ಟಿ. ಕಂಕುಳಡಿ ಬಿಗಿದ ಚರ್ಮದ ಪಟ್ಟಿ ಎದೆಯನ್ನು ಅಮುಕುತ್ತದೆ, ಹೃದಯ ಕೆಡುತ್ತದೆ ಎಂದು ಅವರು ವಾದಿಸಿದರು. ಬ್ರಿಟಿಷ್ ಸೇನೆ 1871ರಲ್ಲಿ ಹೊಸ ಮಾದರಿಯ ಚೀಲ ತಂದು ಭಾರವನ್ನು ಸೊಂಟದತ್ತ ಇಳಿಸಿತು. ಡವಗುಟ್ಟುವುದು ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡ ಕೋಸ್ಟಾ, ಅಮೆರಿಕದ ಅಂತರ್ಯುದ್ಧದಲ್ಲಿ ತಾವು ಕಂಡ ಮುನ್ನೂರು ಸೈನಿಕರ ಇದೇ ಕಾಯಿಲೆಯನ್ನು ವಿವರಿಸಿದರು. ಅದು ‘ಸೈನಿಕನ ಹೃದಯ’ ಎಂದೇ ಹೆಸರಾಯಿತು.

ಪಟ್ಟಿಯನ್ನು ದೂರಿದವರು ದಡ್ಡರಲ್ಲ. ಹೊರೆಯ ಲೆಕ್ಕ ನಿಜಕ್ಕೂ ನಿರ್ದಯವಾದದ್ದು. 1977ರಲ್ಲಿ ಅಮೆರಿಕ ಸೇನೆಯ ಸಂಶೋಧಕ ಕೆಂಟ್ ಪ್ಯಾಂಡಾಲ್ಫ್ ಮತ್ತು ಸಂಗಡಿಗರು ಹೊರೆ ಹೊತ್ತು ನಡೆಯುವವನ ದೇಹ ಎಷ್ಟು ಶಕ್ತಿ ವ್ಯಯಿಸುತ್ತದೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ನನಗೆ ಬಹಳ ಪ್ರಿಯವಾದ ಸೂತ್ರ ಅದು. ಹೊರೆಯು ದೇಹತೂಕದ ಎಷ್ಟು ಪಾಲು ಎಂಬುದರ ವರ್ಗ, ಅಂದರೆ ಆ ಪಾಲನ್ನು ಅದರಿಂದಲೇ ಗುಣಿಸಿದ್ದು, ಅದರಲ್ಲಿ ಬರುತ್ತದೆ. 70 ಕಿಲೊ ತೂಕದವನು 15 ಕಿಲೊ ಹೊತ್ತು ಸುಮ್ಮನೆ ನಿಂತರೆ ಹೆಚ್ಚುವರಿಯಾಗಿ ಸುಮಾರು 8 ವ್ಯಾಟ್ ಬೇಕು. 30 ಕಿಲೊ ಹೊತ್ತರೆ 37 ವ್ಯಾಟ್! ಹೊರೆ ಎರಡು ಪಟ್ಟು, ದಂಡ ನಾಲ್ಕು ಪಟ್ಟಿಗೂ ಹೆಚ್ಚು.

ಈ ಸೂತ್ರವನ್ನು 1999ರ ಕಾರ್ಗಿಲ್‌ಗೆ ಒಯ್ಯೋಣ. ದ್ರಾಸ್‌ ಬಳಿಯ ಟೈಗರ್ ಹಿಲ್‌ನ ಎತ್ತರ ಐದು ಸಾವಿರ ಮೀಟರಿಗೂ ಮಿಗಿಲು. ಬೆನ್ನಿಗೆ 30 ಕಿಲೊ. ನೂರು ಮೀಟರಿಗೆ ಇಪ್ಪತ್ತು ಮೀಟರ್ ಏರುವ ದಾರಿಯಲ್ಲಿ ಸೆಕೆಂಡಿಗೆ ಒಂದು ಮೀಟರ್ ನಡೆಯಲು ಸುಮಾರು 990 ವ್ಯಾಟ್ ಬೇಕು. ಒಳ್ಳೆಯ ಕಸುವಿನ ಸೈನಿಕನ ದೇಹ ಸಮುದ್ರಮಟ್ಟದಲ್ಲಿ ಗರಿಷ್ಠ 1,200 ವ್ಯಾಟ್‌ನಷ್ಟು ಉರಿಸಬಲ್ಲದು. ಆ ಎತ್ತರದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ; 1,200 ಎಂಬುದು 800ರ ಆಸುಪಾಸಿಗೆ ಕುಸಿಯುತ್ತದೆ. ಅಂದರೆ ಅವನು ಎಷ್ಟೇ ಎದೆಗಾರನಾಗಿರಲಿ, ಆ ವೇಗದಲ್ಲಿ ಏರುತ್ತಲೇ ಇರಲಾರ. ವೇಗವನ್ನು ಅರ್ಧಕ್ಕೆ ಇಳಿಸಿದರೆ 530 ವ್ಯಾಟ್ ಸಾಕು. ಆದರೆ ಆಗ ಶತ್ರುವಿನ ಗುಂಡಿನೆದುರು ಎರಡು ಪಟ್ಟು ಹೊತ್ತು ಬಯಲಲ್ಲಿರಬೇಕು. ಇದೂ ನುಣ್ಣನೆಯ ನೆಲದ ಲೆಕ್ಕ. ಅಲ್ಲಿದ್ದದ್ದು ಕಾಲಿಟ್ಟರೆ ಜಾರುವ ಕಲ್ಲು, ಕತ್ತಲು, ಇನ್ನೂ ಕಡಿದಾದ ಏರು. ಊಟದ ಪೊಟ್ಟಣ ತೆಗೆದಿಟ್ಟು ಆ ಜಾಗಕ್ಕೆ ಗುಂಡು ತುಂಬಿಕೊಂಡೆವೆಂದು ಅಲ್ಲಿ ಹೋರಾಡಿದವರು ಹೇಳಿಕೊಂಡಿದ್ದಾರೆ.

ಈ ಸೂತ್ರದಲ್ಲಿ ಭಯಕ್ಕೆ ಜಾಗವಿಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಇಳಿದು ಬದುಕುಳಿದ ಅಮೆರಿಕನ್ ಸೈನಿಕರನ್ನು ಸೇನೆಯ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್ ಮಾತಾಡಿಸಿದಾಗ, ದಿನವೂ ಹೊತ್ತು ಓಡುತ್ತಿದ್ದ ಸಾಮಾನನ್ನೇ ಅಂದು ಎಳೆದೊಯ್ಯಲೂ ಆಗಲಿಲ್ಲ ಎಂದವರಿದ್ದರು. ಭಯವೂ ದಣಿವೂ ದೇಹವನ್ನು ಒಂದೇ ಬಗೆಯಲ್ಲಿ ಕುಗ್ಗಿಸುತ್ತವೆ ಎಂಬ ನಿಲುವಿಗೆ ಮಾರ್ಷಲ್ ಬಂದರು. ಹೆದರಿದಾಗ ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ, ಹೃದಯ ಓಡುತ್ತದೆ, ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ಬಿಡುತ್ತದೆ, ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಓಡಿದರೆ ಅದೆಲ್ಲ ಸಾರ್ಥಕ. ಆದರೆ ಬಂಡೆಯ ಮರೆಯಲ್ಲಿ ಗಂಟೆಗಟ್ಟಲೆ ಕವುಚಿ ಬಿದ್ದಿರಬೇಕಾದವನ ಪಾಡು ಗೇರ್ ಹಾಕದ ಲಾರಿಯ ಆಕ್ಸಿಲರೇಟರ್ ತುಳಿದಂತೆ: ಎಂಜಿನ್ ಅಬ್ಬರಿಸುತ್ತದೆ, ಡೀಸೆಲ್ ಉರಿಯುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಚೀಲಕ್ಕೂ ಭಯಕ್ಕೂ ದುಡಿಯುವ ಹೃದಯ ಒಂದೇ.

ಮ್ಯಾಕ್ಲೀನ್ ಅವರ ಕೈಗೆ ಸಿಗದೆ ಹೋದದ್ದು ಇದೇ. ಪಟ್ಟಿ ಸಡಿಲಿಸಿದರೂ ಅಡ್ರಿನಲಿನ್ ಸಡಿಲವಾಗಲಿಲ್ಲ. 1941ರಲ್ಲಿ ಲಂಡನ್ನಿನ ಹೃದ್ರೋಗ ತಜ್ಞ ಪಾಲ್ ವುಡ್ ಈ ಲಕ್ಷಣಗಳ ಬೇರು ಹೃದಯದಲ್ಲಿಲ್ಲ, ಆತಂಕದಲ್ಲಿದೆ ಎಂದು ವಾದಿಸುವ ಹೊತ್ತಿಗೆ ಎಪ್ಪತ್ತು ವರ್ಷ ಕಳೆದಿತ್ತು. ಆ ನಡುವೆ ಮೊದಲ ಮಹಾಯುದ್ಧ ಬಂತು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’, ಅಂದರೆ ಯುದ್ಧದ ಆಘಾತಕ್ಕೆ ಸೈನಿಕನ ಮನಸ್ಸು ಕುಸಿಯುವ ಸ್ಥಿತಿಯ ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರೂ, ಕೈನಡುಕದವರನ್ನು ಹೇಡಿಗಳೆನ್ನುವುದು ನಿಲ್ಲಲಿಲ್ಲ. ರಣರಂಗದಿಂದ ಓಡಿಹೋದದ್ದು, ಹೇಡಿತನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇದರಷ್ಟೇ ಸಿಟ್ಟು ತರಿಸುವುದು ನಮ್ಮವರ ತಾಯತ. ಯುದ್ಧ ಮುಗಿಸಿ ಬಂದವನು ಪಟಾಕಿ ಸದ್ದಿಗೆ ನೆಲಕ್ಕೆ ಬಿದ್ದರೆ, ನಡುರಾತ್ರಿ ಕಿರುಚಿ ಎದ್ದರೆ ‘ಗಾಳಿ ಸೋಕಿದೆ’ ಎನ್ನುವವರು ಇಂದಿಗೂ ಇದ್ದಾರೆ. ಸೋಕಿದ್ದು ಯಾವ ಗಾಳಿಯೂ ಅಲ್ಲ. ಅಪಾಯವನ್ನು ಅಳೆಯುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಅಂದು ಕಲಿತದ್ದನ್ನು ಇನ್ನೂ ಬಿಟ್ಟಿಲ್ಲ. ಆ ಕ್ಷಣದ ಅಡ್ರಿನಲಿನ್ ನೆನಪನ್ನು ಆಳವಾಗಿ ಕೊರೆದಿದೆ. ‘ಮರೆತುಬಿಡು’ ಎಂದರೆ ಅದು ಅಳಿಸದು. ನುರಿತ ಚಿಕಿತ್ಸಕರ ಜೊತೆಯಲ್ಲಿ, ಅಪಾಯವಿಲ್ಲದ ಕೋಣೆಯಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿಸಿದಾಗ, ‘ಇದು ಆಗಿಹೋದದ್ದು’ ಎಂಬ ಹೊಸ ಕಲಿಕೆಯನ್ನು ಮಿದುಳು ಹಳೆಯದರ ಮೇಲೆ ಕೂರಿಸಿಕೊಳ್ಳುತ್ತದೆ. ಎಲ್ಲರಿಗೂ ಪೂರ್ತಿ ವಾಸಿಯಾಗದು, ಆದರೆ ಅನೇಕರಿಗೆ ನಿದ್ದೆ ಮರಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವೈದ್ಯರಿದ್ದಾರೆ. ಊರು ದೂರವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.