ಸಿಟಿ ಸ್ಟೇಷನ್ನಿಗೆ ಜಾಗ ಸಾಲದೆ ಹೋದದ್ದು ಹೇಗೆ?

ಬೆಂಗಳೂರಿನ ಸಿಟಿ ಸ್ಟೇಷನ್ನಿನಿಂದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಇನ್ನೊಂದು ರೈಲು ಹೋಯಿತು ಅನ್ನುವ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಒಂದೇ. ಸಿಟಿ ಸ್ಟೇಷನ್ನಿನಲ್ಲೇ ಇದ್ದಿದ್ದರೆ ಏನಾಗ್ತಿತ್ತು? ನನಗೂ ಹಾಗೇ ಅನಿಸುತ್ತದೆ. ಆದರೆ ಈ ತೊಂದರೆ ನಿನ್ನೆ ಮೊನ್ನೆಯದಲ್ಲ, ಸ್ಟೇಷನ್ ಕಟ್ಟಿದ ಜಾಗದಲ್ಲೇ ಅದರ ಬೇರು ಇದೆ.

ಬೆಂಗಳೂರಿಗೆ ರೈಲು ಬಂದದ್ದು 1864ರ ಆಗಸ್ಟ್‌ನಲ್ಲಿ. ಮದ್ರಾಸ್ ರೈಲ್ವೆಯವರು ಜೋಲಾರ್‌ಪೇಟೆಯಿಂದ ಹಾಕಿದ ಹಳಿ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಬಂದು ನಿಂತಿತು. ಅಲ್ಲಿದ್ದದ್ದು ಬ್ರಿಟಿಷರ ಸೈನ್ಯ. ಪೇಟೆಯ ವ್ಯಾಪಾರಿಗೆ ರೈಲು ಬೇಕಿದ್ದರೆ ಗಾಡಿ ಕಟ್ಟಿಕೊಂಡು ದಂಡಿಗೇ ಹೋಗಬೇಕಿತ್ತು.

ಪೇಟೆಯ ಕಡೆಗೆ ಹಳಿ ಬರುವುದಕ್ಕೆ ಒಂದು ದೊಡ್ಡ ಸಂಕಟವೇ ಕಾರಣವಾಯಿತು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರು. ಹಸಿದವರಿಗೆ ಕೂಲಿ ಕೊಡಬೇಕು ಅಂತ ಎತ್ತಿಕೊಂಡ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯೂ ಒಂದು. ಆ ಮೀಟರ್ ಗೇಜ್ ದಾರಿ, ಅಂದರೆ ಒಂದು ಮೀಟರ್ ಅಂತರದ ಕಿರಿದಾದ ಹಳಿ, 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿನವರೆಗೆ ತೆರೆಯಿತು. ಮಣ್ಣು ಹೊತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಇವತ್ತಿಗೂ ಮೈಸೂರಿನ ರೈಲು ಹತ್ತಿದವರು ಹೋಗುವುದು ಹೆಚ್ಚುಕಮ್ಮಿ ಅವರು ಹಾಕಿದ ದಾರಿಯ ಮೇಲೆಯೇ.

ಹೀಗೆ ಪೇಟೆಯ ಪಶ್ಚಿಮಕ್ಕೆ, ಧರ್ಮಾಂಬುಧಿ ಕೆರೆಯ ಎದುರಿಗೆ ಸಿಟಿ ಸ್ಟೇಷನ್ ಬಂತು. ದಂಡಿನ ಬ್ರಾಡ್ ಗೇಜ್, ಅಂದರೆ ಅಗಲದ ಹಳಿಯೂ ಮುಂದೆ ಇಲ್ಲಿಗೇ ಬಂದು ಸೇರಿತು. ಸುತ್ತಲೂ ಊರು ಬೆಳೆಯಿತು. 1884ರಲ್ಲಿ ಶುರುವಾದ ಗಿರಣಿ ಆಮೇಲೆ ಬಿನ್ನಿ ಮಿಲ್ ಅಂತ ಹೆಸರಾಗಿ, ಪಕ್ಕದಲ್ಲೇ ಬಿನ್ನಿಪೇಟೆ ಎದ್ದಿತು. 1903ರಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ತೆರೆಯಿತು. ರಾತ್ರಿ ರೈಲಿಳಿದು, ಊರಲ್ಲಿ ಗುರುತು ಪರಿಚಯ ಯಾರೂ ಇಲ್ಲದೆ ನಿಂತವರಿಗೆ ಸ್ಟೇಷನ್ನಿನ ಹತ್ತಿರವೇ ಒಂದು ಸೂರು ಸಿಗುವುದು ಅಂದರೆ ಸಣ್ಣ ಮಾತಲ್ಲ. ಆ ರಸ್ತೆಗೆ ಇವತ್ತೂ ಅವರದೇ ಹೆಸರು.

ರೈಲು ಒಳ್ಳೆಯದನ್ನಷ್ಟೇ ಹೊತ್ತು ತರಲಿಲ್ಲ. 1898ರಲ್ಲಿ ಪ್ಲೇಗ್ ಬಂದದ್ದೂ ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲೇ. ಇಕ್ಕಟ್ಟಾದ ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಉಳಿದವರು ಗಾಳಿ ಬೆಳಕಿರುವ ಜಾಗ ಹುಡುಕಿಕೊಂಡು ಹೊರಟ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೇಗ ತುಂಬಿದವು.

ಸ್ಟೇಷನ್ನಿನ ಒಳಗೆ ಸುಮಾರು ನೂರು ವರ್ಷ ಎರಡು ಲೋಕಗಳಿದ್ದವು. ಮದ್ರಾಸಿನ ಕಡೆ ಬ್ರಾಡ್ ಗೇಜ್. ಮೈಸೂರು, ತುಮಕೂರು, ಅರಸೀಕೆರೆ, ಹುಬ್ಬಳ್ಳಿ ಕಡೆಯೆಲ್ಲ ಮೀಟರ್ ಗೇಜ್. ಹುಬ್ಬಳ್ಳಿಯಿಂದ ಬಂದವರು ಮದ್ರಾಸಿಗೆ ಹೋಗಬೇಕಾದರೆ ಇಲ್ಲಿ ಇಳಿದು, ಟ್ರಂಕು ಹಾಸಿಗೆ ಎಲ್ಲ ಇಳಿಸಿಕೊಂಡು, ಬಿಲ್ಲೆ ಕಟ್ಟಿದ ಕೆಂಪಂಗಿಯ ಕೂಲಿಯವನ ಜೊತೆ ಚೌಕಾಸಿ ಮಾಡಿ, ಇನ್ನೊಂದು ಪ್ಲಾಟ್‌ಫಾರಂ ಹುಡುಕಿಕೊಂಡು ಹೋಗಬೇಕಿತ್ತು. 1990ರ ದಶಕದಲ್ಲಿ ಮೈಸೂರು, ಹುಬ್ಬಳ್ಳಿ ದಾರಿಗಳು ಬ್ರಾಡ್ ಗೇಜ್ ಆದ ಮೇಲೆ ಆ ಪಾಡು ತಪ್ಪಿತು. ಎಲ್ಲ ದಿಕ್ಕಿನ ರೈಲುಗಳೂ ನೇರವಾಗಿ ಓಡಾಡತೊಡಗಿದವು. ಜೊತೆಗೆ ಎಲ್ಲವೂ ಇದೇ ಸ್ಟೇಷನ್ನಿಗೆ ಬಂದು ಬೀಳತೊಡಗಿದವು.

ಅಷ್ಟರಲ್ಲಿ ಸ್ಟೇಷನ್ನಿಗೆ ಕೈಕಾಲು ಚಾಚಲು ಜಾಗವೇ ಇರಲಿಲ್ಲ. ಹೆಸರಘಟ್ಟದ ನೀರು 1890ರ ದಶಕದಲ್ಲಿ ಕೊಳಾಯಿಗೆ ಬಂದ ಮೇಲೆ ಧರ್ಮಾಂಬುಧಿಯನ್ನು ಕೇಳುವವರು ಕಡಿಮೆಯಾದರು. ಬತ್ತಿದ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಎದ್ದಿತು. ಇನ್ನೊಂದು ಕಡೆ ಓಕಳೀಪುರ, ಬಿನ್ನಿಪೇಟೆಗಳ ಮನೆಗಳು. ಹತ್ತು ಪ್ಲಾಟ್‌ಫಾರಂ ಆದವು, ಹನ್ನೊಂದನೆಯದಕ್ಕೆ ಜಾಗ ಎಲ್ಲಿಂದ ತರುವುದು? ಒಳಗೆ ಪ್ಲಾಟ್‌ಫಾರಂ ಖಾಲಿಯಾಗುವ ತನಕ ಬರುವ ರೈಲು ಹೊರಗೇ ನಿಲ್ಲಬೇಕು. ಊರು ಕಾಣಿಸುತ್ತಿದ್ದರೂ ಇಳಿಯಲಾಗದೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತ ಅನುಭವ ಬಹಳ ಜನಕ್ಕೆ ಇದೆ, ಅಲ್ವಾ?

ಊರಿಗೆ ಏನಾದರೂ ಆದರೆ ಅದು ಮೊದಲು ಕಾಣುವುದೂ ಇಲ್ಲೇ. 2012ರ ಆಗಸ್ಟ್‌ನಲ್ಲಿ ಸುಳ್ಳು ಸುದ್ದಿ ಹರಡಿ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಗುವಾಹಟಿ ರೈಲಿಗಾಗಿ ಇದೇ ಪ್ಲಾಟ್‌ಫಾರಂಗಳಲ್ಲಿ ತುಂಬಿಕೊಂಡಿದ್ದರು. ಹೋಟೆಲಿನಲ್ಲಿ, ಸೆಕ್ಯೂರಿಟಿ ಕೆಲಸದಲ್ಲಿ, ಬ್ಯೂಟಿ ಪಾರ್ಲರಿನಲ್ಲಿ ನಮ್ಮ ನಡುವೆಯೇ ದುಡಿಯುತ್ತಿದ್ದವರು ಸಂಬಳವನ್ನೂ ಪೂರ್ತಿ ತೆಗೆದುಕೊಳ್ಳದೆ ಓಡಿದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2016ರಲ್ಲಿ ಸ್ಟೇಷನ್ನಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಅದೇ ವರ್ಷ ನೆಲದಡಿಯ ಮೆಟ್ರೋ ಬಂತು. ದೂರದ ರೈಲುಗಳು ಮಾತ್ರ ಒಂದೊಂದಾಗಿ ಹೊರಗೆ ಹೋಗುತ್ತಿದ್ದವು. ಎಷ್ಟೋ ರೈಲುಗಳು ಮೊದಲೇ ಯಶವಂತಪುರ ಸೇರಿದ್ದವು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿ ಟರ್ಮಿನಲ್ ತೆರೆಯಿತು. ಏಳು ಪ್ಲಾಟ್‌ಫಾರಂ, ಒಳಗೆಲ್ಲ ಎಸಿ. ಚೆನ್ನಾಗಿಯೇ ಇದೆ. ಆದರೆ ಮೆಟ್ರೋ ಸ್ಟೇಷನ್ ಪಕ್ಕದಲ್ಲಿಲ್ಲ, ಆಟೋ ಹಿಡಿಯಬೇಕು. ಬೆಳಗಿನ ಜಾವ ಆ ಆಟೋ ಎಷ್ಟು ಕೇಳುತ್ತದೆ ಅಂತ ಅಲ್ಲಿ ಇಳಿದವರಿಗೆ ಗೊತ್ತು.

ಜಾಗ ಇಲ್ಲ ಅನ್ನುವುದು ನಿಜ, ಒಪ್ಪೋಣ. ಯಾವ ರೈಲು ಹೋಗಬೇಕು ಅನ್ನುವುದನ್ನು ಮಾತ್ರ ಅಲ್ಲಿ ಇಳಿಯುವ ಜನರನ್ನು ನೋಡಿ ತೀರ್ಮಾನಿಸಬೇಕು. ಬೆಳಗಾವಿ ಕಡೆಯಿಂದ ರಾಣಿ ಚೆನ್ನಮ್ಮ, ಕಲಬುರಗಿ ಮೇಲೆ ಬರುವ ಉದ್ಯಾನ್, ಹುಬ್ಬಳ್ಳಿಯಿಂದ ಹಂಪಿ ಎಕ್ಸ್‌ಪ್ರೆಸ್. ಇವುಗಳಿಂದ ಇಳಿಯುವವರನ್ನು ಒಮ್ಮೆ ನೋಡಿ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ತಲೆಯ ಮೇಲೆ ಅರ್ಧ ಮೂಟೆ ಜೋಳ, ಹಿಂದೆ ನಿದ್ದೆಗಣ್ಣಿನ ಮಕ್ಕಳು. ರಸ್ತೆ ದಾಟಿದರೆ ಬಸ್ ಸ್ಟ್ಯಾಂಡ್, ಅಲ್ಲಿಂದ ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಬಸ್ಸು. ಈ ಅನುಕೂಲ ಬೇರೆ ಯಾವ ಟರ್ಮಿನಲ್ಲಿನಲ್ಲೂ ಇಲ್ಲ.

ಸಿಟಿ ಸ್ಟೇಷನ್ನಿನಿಂದ ದೇವನಹಳ್ಳಿಗೆ ಹೋಗಬೇಕಾದ ಸಬರ್ಬನ್ ರೈಲಿನ ಸಂಪಿಗೆ ಮಾರ್ಗ ಇನ್ನೂ ಬರಬೇಕಿದೆ. ನಾಲ್ಕು ಮಾರ್ಗಗಳ ಆ ಯೋಜನೆಗೆ 2022ರಲ್ಲೇ ಶಂಕುಸ್ಥಾಪನೆ ಆಯಿತು. ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳನ್ನು. ಸಂಪಿಗೆಯನ್ನು ಇನ್ನು ಮುಂದೂಡಬಾರದು. ಅದು ಬರುವವರೆಗಾದರೂ ರಾಜ್ಯದ ಒಳಗಿನ ರಾತ್ರಿ ರೈಲುಗಳನ್ನು ಇಲ್ಲಿಂದ ಕದಲಿಸಬೇಡಿ.